ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ಧ್ವನಿಮುದ್ರಣ: ಸದ್ದು ತಗ್ಗಿದರೂ ನಾದ ಕುಗ್ಗದು

ಎಲೆಕ್ಟ್ರಿಕ್ ಗಿಟಾರಿನ ನಾದದಲ್ಲಿ ಆಂಪ್ಲಿಫೈಯರ್‌ನ ಪಾಲು ದೊಡ್ಡದು. ತಂತಿಗಳ ಕೆಳಗಿರುವ ಪಿಕಪ್, ಅಂದರೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ, ತಂತಿಯ ಕಂಪನವನ್ನು ಕ್ಷೀಣ ವಿದ್ಯುತ್ ಸಂಕೇತವನ್ನಾಗಿ ಪರಿವರ್ತಿಸುತ್ತದೆ. ಆ ಸಂಕೇತಕ್ಕೆ ಕಾವು, ಒರಟುತನ, ಗಾಂಭೀರ್ಯ ತುಂಬುವುದು ಆಂಪ್ ಮತ್ತು ಅದರ ಸ್ಪೀಕರ್. ಈ ನಾದವನ್ನು ನೆರೆಹೊರೆಯವರ ನಿದ್ದೆಗೆ ಭಂಗ ತಾರದೆ, ಸ್ವಂತ ಕಿವಿಗೂ ಹಾನಿ ಮಾಡಿಕೊಳ್ಳದೆ ಮನೆಯಲ್ಲಿಯೇ ಮುದ್ರಿಸಿಕೊಳ್ಳಲು ಸಾಧ್ಯವಿದೆ.

ಸಮಸ್ಯೆಯ ಮೂಲ

ಹಳೆಯ ರೇಡಿಯೊಗಳಲ್ಲಿದ್ದಂಥ ವಾಲ್ವ್‌ಗಳನ್ನು ಬಳಸುವ ಆಂಪ್‌ಗಳು ಸಾಮರ್ಥ್ಯದ ತುದಿ ಮುಟ್ಟಿದಾಗ ಸಂಕೇತವನ್ನು ಹಿತವಾಗಿ ಒರಟಾಗಿಸುತ್ತವೆ. ಡಿಸ್ಟಾರ್ಷನ್ ಎಂದು ಕರೆಯುವುದು ಇದನ್ನೇ. ಜಾನ್ ಮಾಯಲ್ ತಂಡದ 1966ರ ಆಲ್ಬಂಗಾಗಿ ಎರಿಕ್ ಕ್ಲಾಪ್ಟನ್ ಲಂಡನ್ನಿನ ಸ್ಟುಡಿಯೊದಲ್ಲಿ ಮಾರ್ಷಲ್ ಆಂಪನ್ನು ವೇದಿಕೆಯ ಮಟ್ಟದ ಸದ್ದಿನಲ್ಲಿಯೇ ನುಡಿಸಿದ್ದರು. ಮನೆಯಲ್ಲಿ ಆ ಅವಕಾಶವಿಲ್ಲ. ಭಾರತದ ಶಬ್ದಮಾಲಿನ್ಯ ನಿಯಮಗಳು–2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್. ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್.

ಕಡಿಮೆ ವಾಟ್‌ನ ಆಂಪ್ ಕೊಂಡರೆ ಸಾಕೆಂಬ ನಂಬಿಕೆ ಪೂರ್ತಿ ನಿಜವಲ್ಲ. ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿದಾಗ ಸದ್ದು ತಗ್ಗುವುದು 10 ಡೆಸಿಬಲ್ ಮಾತ್ರ. ಕಿವಿಗೆ ಅದು ಸುಮಾರು ಅರ್ಧದಷ್ಟಾದಂತೆ ಕೇಳಿಸುತ್ತದೆ. ಸಾಮಾನ್ಯ ಗಿಟಾರ್ ಸ್ಪೀಕರ್ ಕೇವಲ 1 ವಾಟ್ ಶಕ್ತಿಯಲ್ಲಿ ಒಂದು ಮೀಟರ್ ದೂರಕ್ಕೆ 97ರಿಂದ 100 ಡೆಸಿಬಲ್ ಸದ್ದು ಹೊಮ್ಮಿಸಬಲ್ಲದು.

ನೆಲಮಾಳಿಗೆಯ ಸಾಧನೆ

ಈ ತೊಡಕಿಗೆ ಪರಿಹಾರ ಹುಡುಕಿದವರಲ್ಲಿ ಅಮೆರಿಕದ ಟಾಮ್ ಶೋಲ್ಜ್ ಪ್ರಮುಖರು. ಪೋಲರಾಯ್ಡ್ ಸಂಸ್ಥೆಯಲ್ಲಿ ಎಂಜಿನಿಯರ್ ಆಗಿದ್ದ ಅವರು ‘ಬೋಸ್ಟನ್’ ತಂಡದ 1976ರ ಮೊದಲ ಆಲ್ಬಂನ ಬಹುಭಾಗವನ್ನು ತಮ್ಮ ಮನೆಯ ನೆಲಮಾಳಿಗೆಯಲ್ಲಿಯೇ ಮುದ್ರಿಸಿದರು. ಅಮೆರಿಕವೊಂದರಲ್ಲೇ ಅದರ ಮಾರಾಟ 1.7 ಕೋಟಿಯಷ್ಟೆಂದು ಪ್ರಮಾಣೀಕೃತವಾಗಿದೆ. ಆಂಪ್ ಮತ್ತು ಸ್ಪೀಕರ್ ನಡುವೆ ಕುಳಿತು ಹೆಚ್ಚುವರಿ ಶಕ್ತಿಯನ್ನು ಶಾಖವಾಗಿಸುವ ‘ಪವರ್ ಸೋಕ್’, ಹೆಡ್‌ಫೋನ್‌ನಲ್ಲಿಯೇ ನುಡಿಸಲು ಅನುವಾಗುವ ‘ರಾಕ್‌ಮನ್’ (1982) ಇವೆರಡೂ ಅವರ ವಿನ್ಯಾಸಗಳು.

ಮೈಕ್ ಇಡುವ ಜಾಗ

ಈ ಕೆಲಸಕ್ಕೆ ಅತಿ ಹೆಚ್ಚು ಬಳಕೆಯಾಗುವ ಮೈಕ್ 1965ರಲ್ಲಿ ಬಂದ ಶೂರ್ ಎಸ್‌ಎಂ57. ಮೈಕ್‌ನ ಬೆಲೆಗಿಂತ ಅದನ್ನಿಡುವ ಜಾಗವೇ ಇಲ್ಲಿ ನಿರ್ಣಾಯಕ. ಸ್ಪೀಕರ್‌ನ ನಡುಮಧ್ಯಕ್ಕೆ ಗುರಿಯಿಟ್ಟರೆ ನಾದ ಹರಿತವಾಗುತ್ತದೆ. ಅಂಚಿನತ್ತ ಸರಿದಂತೆ ಮೃದುವಾಗುತ್ತದೆ. ಜಾಲರಿಗೆ ತೀರಾ ಹತ್ತಿರವಿಟ್ಟರೆ ಮಂದ್ರ ಸ್ವರಗಳು ಹೆಚ್ಚುತ್ತವೆ. ಎರಡು ಸೆಂಟಿಮೀಟರ್ ಸರಿಸಿದರೂ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುತ್ತದೆ.

ಎರಡು ಮೈಕ್ ಬಳಸುವವರು ಅಂತರವನ್ನು ಗಮನಿಸಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಮೈಕ್‌ಗಳ ದೂರದಲ್ಲಿ 17 ಸೆಂ.ಮೀ. ವ್ಯತ್ಯಾಸವಿದ್ದರೆ 1,000 ಹರ್ಟ್ಸ್ ಸುತ್ತಲಿನ ಸ್ವರಗಳು ಒಂದನ್ನೊಂದು ಅಳಿಸಿಹಾಕಿ ನಾದ ಪೊಳ್ಳಾಗುತ್ತದೆ. ಕಂಬಳಿ, ರಜಾಯಿಗಳನ್ನು ಇಳಿಬಿಟ್ಟರೆ ಕೋಣೆಯ ಪ್ರತಿಧ್ವನಿ ತಗ್ಗುವುದು ನಿಜ. ಆದರೆ ಗೋಡೆ ದಾಟುವ ಮಂದ್ರ ಸದ್ದನ್ನು ಅವು ತಡೆಯಲಾರವು.

ಸ್ಪೀಕರ್ ಇಲ್ಲದೆ ಮುದ್ರಣ

ಆಂಪನ್ನು ಸ್ಪೀಕರ್‌ಗೆ ಬದಲಾಗಿ ‘ಲೋಡ್ ಬಾಕ್ಸ್’ಗೆ ಜೋಡಿಸಿ ನಿಶ್ಶಬ್ದವಾಗಿ ಮುದ್ರಿಸಬಹುದು. ಎರಡರಲ್ಲಿ ಯಾವುದೂ ಇಲ್ಲದೆ ವಾಲ್ವ್ ಆಂಪನ್ನು ನುಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಅಪಾಯವಿದೆ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಸ್ವರಗಳನ್ನು ಬಹುಮಟ್ಟಿಗೆ ಸೋಸುತ್ತದೆ. ಈ ಸೋಸುವಿಕೆ ಇಲ್ಲದಿದ್ದರೆ ಡಿಸ್ಟಾರ್ಷನ್ ಜೇನುಹುಳುಗಳ ಝೇಂಕಾರದಂತೆ ಕಿವಿಗೆ ಚುಚ್ಚುತ್ತದೆ. ಸ್ಪೀಕರ್ ಮತ್ತು ಮೈಕ್‌ಗಳ ಗುಣವನ್ನು ಸೆರೆಹಿಡಿದಿಟ್ಟ ‘ಇಂಪಲ್ಸ್ ರೆಸ್ಪಾನ್ಸ್’ ಕಡತವನ್ನು ಕಂಪ್ಯೂಟರಿನಲ್ಲಿ ಅಳವಡಿಸುವುದು ಇದಕ್ಕೆ ಪರಿಹಾರ.

ಆಂಪ್ ಇಲ್ಲದವರಿಗೂ ದಾರಿಯಿದೆ. 1998ರಲ್ಲಿ ಬಂದ ಲೈನ್ 6 ಸಂಸ್ಥೆಯ ‘ಪಾಡ್’ ಆಂಪ್‌ಗಳ ಅನುಕರಣೆಯನ್ನು ಜನಪ್ರಿಯಗೊಳಿಸಿತು. 2011ರ ‘ಕೆಂಪರ್’ ಉಪಕರಣ ನಿಜವಾದ ಆಂಪ್‌ನ ನಾದವನ್ನೇ ಅಳೆದು ನಕಲು ಮಾಡತೊಡಗಿತು. ಇಂದು ‘ನ್ಯೂರಲ್ ಆಂಪ್ ಮಾಡೆಲರ್’ ಎಂಬ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ.

ಗಮನಿಸಬೇಕಾದ ಅಂಶಗಳು

* ಗಿಟಾರನ್ನು ಆಡಿಯೊ ಇಂಟರ್‌ಫೇಸ್‌ನ ‘ಇನ್‌ಸ್ಟ್ರುಮೆಂಟ್’ ಕಿಂಡಿಗೇ ಜೋಡಿಸಬೇಕು. ಮೈಕ್ ಅಥವಾ ಲೈನ್ ಕಿಂಡಿಗೆ ಜೋಡಿಸಿದರೆ ತಾರ ಸ್ವರಗಳು ಮಂಕಾಗುತ್ತವೆ.
* 24 ಬಿಟ್ ಮುದ್ರಣದಲ್ಲಿ ಗರಿಷ್ಠ ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿದ್ದರೆ ಸಾಕು.
* ಗಿಟಾರಿನ ಮೂಲ ಸಂಕೇತವನ್ನೂ ಪ್ರತ್ಯೇಕವಾಗಿ ಮುದ್ರಿಸಿಟ್ಟುಕೊಂಡರೆ, ಮತ್ತೆ ನುಡಿಸದೆಯೇ ನಾದವನ್ನು ಬದಲಿಸಬಹುದು.
* ಡಿಸ್ಟಾರ್ಷನ್ ಅನ್ನು ಅಭ್ಯಾಸಕ್ಕಿಂತ ತುಸು ಕಡಿಮೆ ಇಟ್ಟು, ಅದೇ ಭಾಗವನ್ನು ಎರಡು ಬಾರಿ ನುಡಿಸಿ ಎಡಬಲಕ್ಕೆ ಹಂಚಿದರೆ ನಾದ ವಿಶಾಲವಾಗುತ್ತದೆ.
* ಎರಡು ನಾದಗಳನ್ನು ಹೋಲಿಸುವಾಗ ಎರಡರ ಸದ್ದೂ ಸಮನಾಗಿರಲಿ. ಜೋರಾಗಿರುವುದೇ ಉತ್ತಮವೆಂದು ಕಿವಿ ಭ್ರಮಿಸುವುದು ಸಹಜ.

ಕಿವಿಯ ರಕ್ಷಣೆ

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು. ಪ್ರತಿ 3 ಡೆಸಿಬಲ್ ಹೆಚ್ಚಳಕ್ಕೆ ಈ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ ಮಾತ್ರ. ಹೆಡ್‌ಫೋನ್ ಬಳಸುವವರೂ ಈ ಲೆಕ್ಕಕ್ಕೆ ಹೊರತಲ್ಲ. ಒಮ್ಮೆ ನಾಶವಾದ ಒಳಗಿವಿಯ ಸೂಕ್ಷ್ಮಕೋಶಗಳು ಮತ್ತೆ ಹುಟ್ಟುವುದಿಲ್ಲ. ಆಂಪ್, ಮೈಕ್, ತಂತ್ರಾಂಶಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು. ಒಳ್ಳೆಯ ನಾದ ಯಾವುದೆಂದು ತೀರ್ಮಾನಿಸುವ ಕಿವಿಗೆ ಬದಲಿಯಿಲ್ಲ.