ಸೂರ್ಯಬಿಂಬವನ್ನು ದಾಟಿದವರು ಯಾರು?

ಹೋದ ಬೇಸಗೆಯ ಒಂದು ಸಂಜೆ ನಮ್ಮ ಮನೆಯ ತಾರಸಿಯ ಮೇಲೆ ನಿಂತು ಮೋಡಗಳ ಚಿತ್ರವೊಂದನ್ನು ಮೊಬೈಲಿನಲ್ಲಿ ಹಿಡಿದೆ. ರಾತ್ರಿ ಮೊಮ್ಮಗ ಅದನ್ನು ಹಿಗ್ಗಿಸಿ ನೋಡಿ, “ತಾತ, ಇಲ್ಲೊಂದು ಹಾರುವ ತಟ್ಟೆ!” ಎಂದು ಕೂಗಿದ. ನಿಜವೇ, ಮೋಡದಂಚಿನಲ್ಲಿ ದುಂಡನೆಯ ಒಂದು ಬೂದು ಮಚ್ಚೆ. ಚಿತ್ರ ಹಿಡಿಯುವಾಗ ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಹದ್ದೋ, ಹುಳುವೋ, ಗಾಳಿಪಟವೋ ಹೇಳಲಾರದೆ ಹೋದೆ. ಮನೆಮಂದಿಯೆಲ್ಲ ನಕ್ಕರು. ನನಗೆ ಮಾತ್ರ ಮೆಕ್ಸಿಕೋ ದೇಶದ ಹೊಸೆ ಬೊನಿಯಾ ಎಂಬ ಮಹನೀಯರು ನೆನಪಾದರು.

ಬೊನಿಯಾ ಅವರು ಸಕಾತೆಕಾಸ್ ಪಟ್ಟಣದ ವೀಕ್ಷಣಾಲಯದ ನಿರ್ದೇಶಕರು. ಸಮುದ್ರಮಟ್ಟದಿಂದ ಸುಮಾರು 2,500 ಮೀಟರ್ ಎತ್ತರದ ಊರು ಅದು. 1883ರ ಆಗಸ್ಟ್ 12ರ ಬೆಳಗ್ಗೆ ಅವರು ದೂರದರ್ಶಕದಲ್ಲಿ ಸೂರ್ಯನ ಕಲೆಗಳನ್ನು ಪರೀಕ್ಷಿಸುತ್ತಿದ್ದರು. ಇದ್ದಕ್ಕಿದ್ದಂತೆ ಒಂದು ಕಪ್ಪು ವಸ್ತು ಸೂರ್ಯಬಿಂಬವನ್ನು ದಾಟಿ ಹೋಯಿತು. ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು. ಒಂಟಿಯಾಗಿ, ಜೋಡಿಯಾಗಿ, ಗುಂಪಾಗಿ ಮೆರವಣಿಗೆಯೇ ಹೊರಟಿತು. ಮರುದಿನವೂ ಅದೇ ನೋಟ. ಎರಡು ದಿನಗಳಲ್ಲಿ 3 ಗಂಟೆ 25 ನಿಮಿಷಗಳಷ್ಟು ಹೊತ್ತು ನೋಡಿ ಅವರು ಎಣಿಸಿದ್ದು 447!

ಎಣಿಸಿ ಸುಮ್ಮನಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹಸಿ ಗಾಜಿನ ಫಲಕಗಳನ್ನು ಜೋಡಿಸಿ, ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಬೆಳಕು ಬಿಟ್ಟು, ಛಾಯಾಚಿತ್ರಗಳನ್ನೂ ತೆಗೆದರು. ಗುರುತು ಹತ್ತದ ಹಾರುವ ವಸ್ತುಗಳ ಮೊತ್ತಮೊದಲ ಛಾಯಾಚಿತ್ರಗಳೆಂದು ಈಗ ಹಲವರು ಹೇಳುವುದು ಇವನ್ನೇ. ‘ಹಾರುವ ತಟ್ಟೆ’ ಎಂಬ ಮಾತು ಹುಟ್ಟಿದ್ದು 1947ರಲ್ಲಿ, ಅಮೆರಿಕದ ವಿಮಾನ ಚಾಲಕ ಕೆನೆತ್ ಆರ್ನಾಲ್ಡ್ ರೇನಿಯರ್ ಪರ್ವತದ ಬಳಿ ಒಂಬತ್ತು ವಸ್ತುಗಳನ್ನು ಕಂಡೆನೆಂದ ಮೇಲೆ. ಅದಕ್ಕೆ 64 ವರ್ಷ ಮೊದಲೇ ಈ ಫಲಕಗಳು ಸಿದ್ಧವಾಗಿದ್ದವು.

ಬೊನಿಯಾ ಮಾಡಿದ ಇನ್ನೊಂದು ಕೆಲಸ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅವರು ಮೆಕ್ಸಿಕೋ ನಗರ ಮತ್ತು ಪುಯೆಬ್ಲಾದ ವೀಕ್ಷಣಾಲಯಗಳಿಗೆ ಸುದ್ದಿ ಮುಟ್ಟಿಸಿ, ನೀವೂ ಸೂರ್ಯನನ್ನು ನೋಡಿ ಎಂದು ಕೇಳಿಕೊಂಡರು. ಅಲ್ಲಿಯವರಿಗೆ ಏನೂ ಕಾಣಲಿಲ್ಲ. ಯಾವ ವಿದ್ವಾಂಸನಿಗಾದರೂ ಮುಜುಗರದ ಉತ್ತರವೇ. ಬೊನಿಯಾ ಅದನ್ನು ಮುಚ್ಚಿಡದೆ, ಹಾಗಾದರೆ ಆ ವಸ್ತುಗಳು ಭೂಮಿಗೆ ಸಮೀಪದಲ್ಲಿರಬೇಕು ಎಂದು ತರ್ಕಿಸಿದರು. 1886ರಲ್ಲಿ ಅವರ ವರದಿ ಕ್ಯಾಮಿಲ್ ಫ್ಲಮಾರಿಯೋ ನಡೆಸುತ್ತಿದ್ದ ಫ್ರೆಂಚ್ ಖಗೋಳ ಪತ್ರಿಕೆಯಲ್ಲಿ ಅಚ್ಚಾಯಿತು. ಹಕ್ಕಿಗಳೋ, ಕೀಟಗಳೋ, ಧೂಳೋ ದೂರದರ್ಶಕದ ಮುಂದೆ ಹಾದಿರಬೇಕೆಂದು ಸಂಪಾದಕರು ಅಭಿಪ್ರಾಯಪಟ್ಟರು.

ಸೂರ್ಯನಿಗೆ ಹೊಂದಿಸಿಟ್ಟ ದೂರದರ್ಶಕದಲ್ಲಿ ಕೆಲವೇ ಕಿಲೋಮೀಟರ್ ದೂರದ ಹಕ್ಕಿ ಹಾದರೆ ಅದರ ರೂಪ ಸ್ಪಷ್ಟವಾಗಿ ಮೂಡದು. ಅಂಚು ಕರಗಿ, ಸುತ್ತಲೂ ಮಂಜು ಕವಿದಂತೆ ತೋರುತ್ತದೆ. ಮೇಲಾಗಿ, ಸಕಾತೆಕಾಸಿನ ಆಕಾಶದ ಹಕ್ಕಿ ಸುಮಾರು 500 ಕಿಲೋಮೀಟರ್ ಆಚೆಯ ಮೆಕ್ಸಿಕೋ ನಗರದವರಿಗೆ ಸೂರ್ಯನ ಮೇಲೆ ಕಾಣುವುದಾದರೂ ಹೇಗೆ?

ಇಷ್ಟಕ್ಕೇ ವಾದ ಮುಗಿಯಲಿಲ್ಲ. 2011ರಲ್ಲಿ ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದ ಹೆಕ್ಟರ್ ಮಾಂತೆರೋಲಾ ಮತ್ತು ಸಂಗಡಿಗರು, ಅವು ಒಡೆದುಹೋದ ಧೂಮಕೇತುವಿನ ಚೂರುಗಳಾಗಿದ್ದಿರಬಹುದು, 538ರಿಂದ 8,062 ಕಿಲೋಮೀಟರ್ ದೂರದಲ್ಲಿ ಹಾದಿರಬಹುದು ಎಂದು ಲೆಕ್ಕಹಾಕಿದರು. ಅದು ನಿಜವಾದರೆ ಅಂದು ಮನುಷ್ಯಕುಲ ಕೂದಲೆಳೆಯಲ್ಲಿ ಬದುಕಿಕೊಂಡಿತೆಂದೇ ಅರ್ಥ. ಆದರೆ ಅಂಥ ದಂಡು ಎರಡು ದಿನ ಇಷ್ಟು ಬಳಿ ಹಾಯುವಾಗ ಲೋಕದ ಬೇರೆಲ್ಲೂ ಉಲ್ಕೆಗಳ ಮಳೆಯಾಗಿ ಯಾರ ಕಣ್ಣಿಗೂ ಬೀಳದೆ ಹೋಯಿತೆಂದರೆ ನಂಬುವುದು ಕಷ್ಟ. ಹಕ್ಕಿಗಳ ಪಕ್ಷವೇ ನನಗೆ ಬಲವಾಗಿ ತೋರುತ್ತದೆ.

ಒಂದೇ ಫಲಕದಲ್ಲಿ ಒಬ್ಬರು ಹಕ್ಕಿಯನ್ನು ಕಂಡರು, ಒಬ್ಬರು ಧೂಮಕೇತುವನ್ನು, ಇನ್ನು ಕೆಲವರು ಅನ್ಯಲೋಕದ ವಿಮಾನವನ್ನು! ಫಲಕ ಸುಳ್ಳು ಹೇಳಿದ್ದಲ್ಲ. ವಸ್ತು ಯಾವ ದಿಕ್ಕಿನಲ್ಲಿತ್ತೆಂಬುದನ್ನು ಚಿತ್ರ ಹೇಳುತ್ತದೆ. ಎಷ್ಟು ದೂರದಲ್ಲಿತ್ತೆಂಬುದನ್ನು ಹೇಳುವುದಿಲ್ಲ. ದೂರ ತಿಳಿಯದೆ ಗಾತ್ರ ತಿಳಿಯದು, ವೇಗವೂ ತಿಳಿಯದು. ಅಮೆರಿಕದ ವಾಯುಪಡೆ ಬ್ಲೂ ಬುಕ್ ಯೋಜನೆಯಲ್ಲಿ 1969ರವರೆಗೆ ಕಲೆಹಾಕಿದ 12,618 ವರದಿಗಳಲ್ಲಿ 701 ಇಂದಿಗೂ ‘ಗುರುತು ಹತ್ತದವು’ ಎಂಬ ಹೆಸರಿನಲ್ಲೇ ಉಳಿದಿವೆ. ಗುರುತು ಹತ್ತಲಿಲ್ಲವೆಂದರೆ ಅಷ್ಟೇ ಅರ್ಥ, ಮಂಗಳನವರು ಬಂದರೆಂದಲ್ಲ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ಬೊನಿಯಾ ನಡೆದದ್ದು ಅದೇ ದಾರಿಯಲ್ಲಿ. ಕಂಡದ್ದನ್ನು ಎಣಿಸಿದರು, ಚಿತ್ರ ತೆಗೆದರು, ಬೇರೆ ಊರಿನವರ ಸಾಕ್ಷ್ಯ ಕೇಳಿದರು, ಅದು ತಮಗೆ ಒಲಿಯದಿದ್ದಾಗಲೂ ಬರೆದಿಟ್ಟರು. ಕಂಡದ್ದು ಹಕ್ಕಿಯೇ ಆಗಿದ್ದರೂ ಅವರ ಮರ್ಯಾದೆಗೆ ಕುಂದಿಲ್ಲ.

ಮರುದಿನ ಸಂಜೆ ಮೊಮ್ಮಗನನ್ನು ಪಕ್ಕದ ಮನೆಯ ತಾರಸಿಗೆ ಕಳುಹಿಸಿದೆ. ಹದ್ದೊಂದು ಸುತ್ತು ಹೊಡೆಯುತ್ತ ಬಂದಾಗ ಕೈಬೀಸಿ ಸನ್ನೆ ಮಾಡಿದೆ. ಇಬ್ಬರೂ ಒಟ್ಟಿಗೆ ಚಿತ್ರ ಹಿಡಿದೆವು. ನನ್ನ ಚಿತ್ರದಲ್ಲಿ ಹದ್ದು ಚಂದ್ರನ ಎಡಕ್ಕಿತ್ತು, ಅವನದರಲ್ಲಿ ಬಲಕ್ಕಿತ್ತು. “ಹಾಗಾದರೆ ಅದು ಹತ್ತಿರದ್ದೇ, ತಾತ!” ಎಂದ. ಹಿಂದಿನ ದಿನದ ಬೂದು ಮಚ್ಚೆಗೆ ಇಂಥ ಎರಡನೆಯ ಚಿತ್ರವಿರಲಿಲ್ಲ. ಅದರ ಕೆಳಗೆ ದಿನ, ವೇಳೆ, ಸ್ಥಳ ಬರೆದು, ಕೊನೆಗೆ ‘ಗೊತ್ತಾಗಲಿಲ್ಲ’ ಎಂದು ಸೇರಿಸಿಟ್ಟಿದ್ದೇವೆ.