ಪುನೀತ್ ರಾಜ್‌ಕುಮಾರ್ ಅವರಿಗೆ ಸಂದ ಜನರ ಶ್ರದ್ಧಾಂಜಲಿ

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಒಂದು ಮನೆಯ ದುಃಖ ನಾಡಿನದೇ ಆಯಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅಂತಿಮ ದರ್ಶನ ನಡೆಯಿತು. 31ರ ಬೆಳಗ್ಗೆ, ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಸಮೀಪದ ಕಂಠೀರವ ಸ್ಟುಡಿಯೋದಲ್ಲಿ ತಂದೆ ತಾಯಿಯ ಸಮಾಧಿಗಳ ಬಳಿ ಅವರನ್ನು ಮಣ್ಣು ಮಾಡಲಾಯಿತು. ಬೀದಿಬೀದಿಯಲ್ಲಿ ಹಾರ ಹಾಕಿದ ಫ್ಲೆಕ್ಸ್‌ಗಳು ಎದ್ದವು. ಅವುಗಳ ಮುಂದೆ ಹಣತೆ, ಊದುಬತ್ತಿ. ನವೆಂಬರ್ 9ರಂದು ಅರಮನೆ ಮೈದಾನದಲ್ಲಿ, ನೋವುಂಡ ಕುಟುಂಬವೇ ಅಭಿಮಾನಿಗಳಿಗೆ ಊಟ ಹಾಕಿತು. ಸಂತಾಪಕ್ಕೆ ಇದಕ್ಕಿಂತ ದೊಡ್ಡ ಮರುಮಾತು ಅಪರೂಪ. ದಾನವಾಗಿ ಬಂದ ಪುನೀತ್ ಅವರ ಕಣ್ಣುಗಳಿಂದ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ದೃಷ್ಟಿ ಬಂದಿತು. ನೇತ್ರದಾನಕ್ಕೆ ಹೆಸರು ಬರೆಸುವುದೇ ಅಭಿಮಾನಿಗಳ ನುಡಿನಮನವಾಯಿತು. ಪುಣ್ಯಸ್ಮರಣೆಯ ದಿನ ಸಮಾಧಿಗೆ ಹೂವಿಟ್ಟು ಅನ್ನದಾನ, ರಕ್ತದಾನ ನಡೆಸುತ್ತಾರೆ.