ಹೋಟೆಲ್ ರೂಮು, ರೈಲ್ವೆ ಸ್ಟೇಷನ್ನು ಮತ್ತು ನಮ್ಮ ಕಿವಿ

ಇಂಗ್ಲಿಷ್ ಕೇಳಿ ಅರ್ಥ ಮಾಡಿಕೊಳ್ಳುವ ಅಭ್ಯಾಸಕ್ಕೆ ಅಂತ ಮಾಡಿದ ಯಾವುದಾದರೂ ಧ್ವನಿಮುದ್ರಣ ಹಾಕಿ ನೋಡಿ. ಯಾರೋ ಒಬ್ಬಾಕೆ ದ್ವೀಪಕ್ಕೆ ಹೋಗುವ ದೋಣಿ ಎಷ್ಟು ಗಂಟೆಗೆ ಅಂತ ಕೇಳುತ್ತಿರುತ್ತಾಳೆ. ಇನ್ಯಾರೋ ಸಮುದ್ರ ಕಾಣುವ ಹೋಟೆಲ್ ರೂಮು ಬುಕ್ ಮಾಡುತ್ತಾ ತನ್ನ ಹೆಸರಿನ ಸ್ಪೆಲ್ಲಿಂಗ್ ಹೇಳುತ್ತಿರುತ್ತಾನೆ. ಮತ್ತೊಬ್ಬ ಗೈಡು, ಎಡಗಡೆ ಹಳೇ ಕೋಟೆ, ಬಲಗಡೆ ಮ್ಯೂಸಿಯಂ, ಸೋಮವಾರ ರಜೆ ಅನ್ನುತ್ತಿರುತ್ತಾನೆ. ಇದೇನು, ಇಂಗ್ಲಿಷ್ ಕಲಿಯುವವರೆಲ್ಲ ರಜೆಗೆ ಹೊರಟವರೇ? ಅಡಿಕೆ ವ್ಯಾಪಾರದ ಬಗ್ಗೆಯೋ, ಸೊಸೈಟಿ ಸಾಲದ ಬಗ್ಗೆಯೋ ಒಂದು ಕ್ಯಾಸೆಟ್ಟೂ ಯಾಕಿಲ್ಲ? ಕೆಲವು ವಾರಗಳಿಂದ ಈ ಪ್ರಶ್ನೆಯ ಬೆನ್ನು ಬಿದ್ದಿದ್ದೇನೆ. ಸಿಕ್ಕಿದ್ದಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಮೊದಲು ಒಂದು ಉಲ್ಟಾ ಸಂಗತಿ. ನಾವು ಇಂಗ್ಲಿಷರ ಮಾತನ್ನು ತಟ್ಟೆಯಲ್ಲಿ ಕೇಳಿ ಕಲಿಯುವುದಕ್ಕೆ ಎಷ್ಟೋ ಮೊದಲೇ, ಅವರು ನಮ್ಮ ಮಾತನ್ನು ತಟ್ಟೆಯಲ್ಲಿ ಹಿಡಿದಿಟ್ಟಿದ್ದರು! ಭಾರತದ ಭಾಷೆಗಳ ಸಮೀಕ್ಷೆ ಮಾಡಿದ ಜಾರ್ಜ್ ಗ್ರಿಯರ್ಸನ್ ಹೆಸರು ನೀವು ಕೇಳಿರುತ್ತೀರಿ. ಆ ಸಮೀಕ್ಷೆಯ ಜೊತೆಗೇ 1913ರಿಂದ 1929ರವರೆಗೆ ಈ ದೇಶದ ಹತ್ತಾರು ಭಾಷೆಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಲಾಯಿತು. ಹಡಗು ಹತ್ತಿ ಇಲ್ಲಿಗೆ ಅಧಿಕಾರಿಗಳಾಗಿ ಬರಲಿದ್ದ ಐಸಿಎಸ್ ಹುಡುಗರಿಗೆ ಕೇಳಿಸಲಿಕ್ಕೂ ಅವು ಬಳಕೆಯಾದವು. ಹೆಚ್ಚಿನವರು ತಟ್ಟೆಯಲ್ಲಿ ಹೇಳಿದ್ದು ಬೈಬಲ್ಲಿನ ಒಂದೇ ಕತೆ. ಆಸ್ತಿಯ ಪಾಲು ತಗೊಂಡು ದೂರದೇಶಕ್ಕೆ ಹೋಗಿ ಎಲ್ಲ ಕಳಕೊಂಡು ವಾಪಸು ಬರುವ ಮಗನ ಕತೆ. ಅಂದರೆ ಅಲ್ಲೂ ಪ್ರಯಾಣವೇ!

ಇನ್ನು ಇಂಗ್ಲಿಷಿನ ಕಡೆ ಬರೋಣ. 1877ರಲ್ಲಿ ಎಡಿಸನ್ ಫೋನೋಗ್ರಾಫ್ ಮಾಡಿದ. 1901ರಲ್ಲಿ ಜಾಕ್ ರೋಸ್ಟನ್ ಎಂಬ ಭಾಷಾ ಶಿಕ್ಷಕ ಲಂಡನ್ನಿನಲ್ಲಿ ಲಿಂಗ್ವಾಫೋನ್ ಶುರು ಮಾಡಿದ. ಮೊದಲು ಮೇಣದ ಸಿಲಿಂಡರು, ಆಮೇಲೆ ತಟ್ಟೆ. ಮನೆಗೆ ಒಂದು ಗ್ರಾಮಫೋನು, ಒಂದು ಪೆಟ್ಟಿಗೆ ತುಂಬ ತಟ್ಟೆ, ಕೈಯಲ್ಲಿ ಪುಸ್ತಕ. ಇಷ್ಟನ್ನೆಲ್ಲ ಕೊಳ್ಳುವ ಶಕ್ತಿ ಆಗ ಯಾರಿಗಿತ್ತು? ಹಡಗಿನಲ್ಲಿ, ರೈಲಿನಲ್ಲಿ ದೇಶ ಸುತ್ತುವವರಿಗೆ. ಸ್ಟೇಷನ್ನು, ಹೋಟೆಲು, ಸುಂಕದ ಕಟ್ಟೆ, ದರ್ಜಿ ಅಂಗಡಿ ಮುಂತಾದ ಪಾಠಗಳು ಪ್ರವಾಸಿಗರ ಕೈಪಿಡಿಗಳಲ್ಲಿ ಮೊದಲೇ ಇದ್ದವು. ತಟ್ಟೆಗೆ ಅವೇ ಇಳಿದುಬಂದವು.

ಈ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದದ್ದು 1927ರ ಒಂದು ಮುದ್ರಣ. ಲಿಂಗ್ವಾಫೋನಿಗಾಗಿ ಜಾರ್ಜ್ ಬರ್ನಾರ್ಡ್ ಶಾ ಮಾತಾಡಿದ್ದು. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತದೆ, ದಯವಿಟ್ಟು ಕೇಳಿ. ಶುರುವಿನಲ್ಲೇ ಆತ ಹೇಳುವುದು ಯಂತ್ರದ ಬಗ್ಗೆ. ನಿಮ್ಮ ಗ್ರಾಮಫೋನು ಸರಿಯಾದ ವೇಗದಲ್ಲಿ ತಿರುಗದಿದ್ದರೆ ನೀವು ಕೇಳುತ್ತಿರುವುದು ನನ್ನ ದನಿಯೇ ಅಲ್ಲ, ಸ್ಕ್ರೂ ತಿರುಗಿಸಿ ಸರಿಮಾಡಿಕೊಳ್ಳಿ, ಅಂತ. (ನಾವು ಇವತ್ತು ಮುಕ್ಕಾಲು ವೇಗಕ್ಕೆ ಇಳಿಸಿ ಕೇಳುತ್ತೇವಲ್ಲ, ಅದನ್ನು ಕಂಡಿದ್ದರೆ ಏನನ್ನುತ್ತಿದ್ದನೋ.) ಆಮೇಲೆ ಬರುವುದು ನಿಜವಾದ ಬಾಂಬು. ಪೂರ್ತಿ ಶುದ್ಧವಾದ ಇಂಗ್ಲಿಷ್ ಎಂಬುದು ಎಲ್ಲೂ ಇಲ್ಲ, ಇಬ್ಬರು ಇಂಗ್ಲಿಷರು ಒಂದೇ ತರ ಮಾತಾಡುವುದಿಲ್ಲ, ಇಂಗ್ಲೆಂಡಿನಲ್ಲಿ ಪ್ರವಾಸ ಮಾಡುವ ಪರದೇಶಿ ತೀರಾ ಚೊಕ್ಕವಾಗಿ ಮಾತಾಡಿದರೆ ಯಾರಿಗೂ ಅರ್ಥವಾಗುವುದಿಲ್ಲ, ಹರಕು ಮುರುಕು ಭಾಷೆಯಲ್ಲೇ ದಾರಿ ಕೇಳಿದರೆ ಕೆಲಸ ಆಗುತ್ತದೆ ಎನ್ನುತ್ತಾನೆ. ಉಚ್ಚಾರ ಕಲಿಸುವ ಕಂಪನಿಯ ತಟ್ಟೆಯಲ್ಲೇ ಇದನ್ನು ಹೇಳುವ ಧೈರ್ಯ ಶಾನಿಗೆ ಮಾತ್ರ ಇರಲು ಸಾಧ್ಯ :-)

ಪರೀಕ್ಷೆಯ ಕತೆ ಬೇರೆ. ಕೇಂಬ್ರಿಡ್ಜಿನವರು ಪರದೇಶಿಗಳಿಗಾಗಿ ಇಂಗ್ಲಿಷ್ ಪರೀಕ್ಷೆ ಶುರು ಮಾಡಿದ್ದು 1913ರಲ್ಲಿ. ಮೊದಲ ವರ್ಷ ಕೂತವರು ಮೂರು ಜನ, ಮೂವರೂ ಫೇಲು. ಅದರಲ್ಲಿ ಕೇಳಿಸಿಕೊಳ್ಳುವ ಪರೀಕ್ಷೆ ಎಂದರೆ ಉಕ್ತಲೇಖನ. ನಾವೆಲ್ಲ ಕನ್ನಡ ಶಾಲೆಯಲ್ಲಿ ಬರೆದದ್ದೂ ಅದನ್ನೇ ಅಲ್ಲವೇ? ಮೇಷ್ಟ್ರು ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಹೇಳುವುದು, ನಾವು ಸ್ಲೇಟಿನಲ್ಲಿ ಬರೆಯುವುದು. ಕನ್ನಡಕ್ಕೆ ಅದು ಸರಿ, ಬರೆದ ಹಾಗೆ ಓದುವ ಭಾಷೆ. ಇಂಗ್ಲಿಷಿಗೂ ಅದೇ ಕ್ರಮ ಹಚ್ಚಿದಾಗ ನಮ್ಮ ಕಿವಿ ಅಕ್ಷರ ಹುಡುಕುವುದನ್ನು ಕಲಿಯಿತು, ದನಿ ಹುಡುಕುವುದನ್ನಲ್ಲ.

ನನ್ನ ತಲೆಮಾರು ಮಧ್ಯದ್ದು. ಕರ್ನಾಟಕದ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ನಾನು ಅಮಾಸೆಬೈಲಿನಲ್ಲಿ ಐದನೇ ಕ್ಲಾಸಿಗೆ ಬಂದು ಎಬಿಸಿಡಿ ತಿದ್ದಲು ಕೂತದ್ದೂ ಅದೇ ವರ್ಷ. ಎದುರಿನ ಕೋಣೆಯಲ್ಲಿ ಒಂದನೇ ಕ್ಲಾಸಿನ ಚಿಳ್ಳೆಗಳೂ ಅದನ್ನೇ ಹಾಡುತ್ತಿದ್ದವು. (ಹೊರಗಿನವರಿಗೆ: ಅಮಾಸೆಬೈಲು ಕುಂದಾಪುರ ತಾಲೂಕಿನಲ್ಲಿ, ಘಟ್ಟದ ಬುಡದಲ್ಲಿದೆ. ಹೆಸರು ಹೇಳಿದ ತಕ್ಷಣ ಬೆಂಗಳೂರಿನ ಗೆಳೆಯರು 'ಕತ್ತಲೆ ಊರಾ' ಅಂತ ನಗುತ್ತಾರೆ. ಎ.ಜಿ. ಕೊಡ್ಗಿಯವರು ಮುಂದೆ ನಿಂತು ಮನೆಮನೆಗೆ ಸೋಲಾರ್ ದೀಪ ಹಾಕಿಸಿದ ಊರು ಅದು ಅಂದರೆ ನಗು ನಿಲ್ಲುತ್ತದೆ.)

ಹಾಗಾದರೆ ನಮ್ಮ ಹಿರಿಯರು ಇಂಗ್ಲಿಷ್ ಕೇಳಿದ್ದು ಎಲ್ಲಿ? ರೇಡಿಯೋದಲ್ಲಿ. ಭದ್ರಾವತಿ ನಿಲಯ ಶುರುವಾದದ್ದು 1965ರಲ್ಲಿ, ಮಂಗಳೂರಿನದು 1976ರ ಡಿಸೆಂಬರ್ 11ರಂದು. ಆ ಪೆಟ್ಟಿಗೆಯಲ್ಲಿ ಬರುತ್ತಿದ್ದ ಇಂಗ್ಲಿಷ್ ಎರಡೇ ತರದ್ದು: ದಿಲ್ಲಿಯ ವಾರ್ತೆ, ಮತ್ತೆ ಕ್ರಿಕೆಟ್ ಕಾಮೆಂಟರಿ. ನಮ್ಮ ಅಪ್ಪಯ್ಯನಿಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಆಡಲು ಈಗಲೂ ಸಂಕೋಚ. ಆದರೆ ಕಾಮೆಂಟರಿ ಕೇಳಿ ಚೆಂಡು ಯಾವ ದಿಕ್ಕಿಗೆ ಹೋಯಿತು, ಯಾರು ಹಿಡಿದರು, ಎಷ್ಟು ರನ್ನು ಎಂಬುದನ್ನು ಚಾಚೂ ತಪ್ಪದೆ ಹೇಳುತ್ತಾರೆ. ಯಾಕೆಂದರೆ ಆ ಮೈದಾನ ಅವರ ತಲೆಯಲ್ಲಿ ಮೊದಲೇ ಇತ್ತು. ಭಾಷೆ ಗೊತ್ತಿಲ್ಲದಿದ್ದರೂ ಜಾಗ ಗೊತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೇಡಿಯೋದಲ್ಲಿ ಪಾಠವಾಗಿಯೇ ಇಂಗ್ಲಿಷ್ ಕೊಟ್ಟವರೂ ಇದ್ದರು. ಬಿಬಿಸಿಯ 'ಇಂಗ್ಲಿಷ್ ಬೈ ರೇಡಿಯೋ' 1943ರಲ್ಲಿ, ಯುದ್ಧದ ನಡುವೆ ಶುರುವಾಯಿತು. ವಾಯ್ಸ್ ಆಫ್ ಅಮೆರಿಕಾದ 'ಸ್ಪೆಷಲ್ ಇಂಗ್ಲಿಷ್' 1959ರ ಅಕ್ಟೋಬರ್ 19ರಂದು. ಈ ಎರಡನೆಯದರ ಲೆಕ್ಕಾಚಾರ ನನ್ನಂತಹ ಇಂಜಿನಿಯರಿಗೆ ತುಂಬ ಹಿಡಿಸುತ್ತದೆ: ಸುಮಾರು 1500 ಪದ ಮಾತ್ರ, ಚಿಕ್ಕ ವಾಕ್ಯ, ಮಾಮೂಲಿ ವೇಗದ ಮೂರನೇ ಎರಡು ಭಾಗದಷ್ಟು ವೇಗ. ಶಾರ್ಟ್‌ವೇವ್ ಸಿಗ್ನಲ್ಲು ಅಲೆಯಲೆಯಾಗಿ ಬಂದು ಹೋಗುವಾಗ ಒಂದು ಪದ ತಪ್ಪಿದರೂ ಮುಂದಿನದು ಕೈಗೆ ಸಿಗಲಿ ಅಂತ. ಅಮೆರಿಕಾದ ಊರು, ಜನಜೀವನಗಳನ್ನು ನಿಧಾನವಾಗಿ ಬಣ್ಣಿಸುವ ಕಾರ್ಯಕ್ರಮಗಳು ಅದರಲ್ಲಿ ಇದ್ದವು. ವೀಸಾ ಕನಸೂ ಕಾಣದವರು ಕೂಡ ಹೀಗೆ ಅಮೆರಿಕಾ ಸುತ್ತಿದರು. 2025ರ ಮಾರ್ಚ್‌ನಲ್ಲಿ ಆ ಸಂಸ್ಥೆಯ ಸುಮಾರು 1300 ಜನರನ್ನು ಒಮ್ಮೆಲೇ ರಜೆಯ ಮೇಲೆ ಕಳಿಸಿದ ಸುದ್ದಿ ಓದಿದಾಗ ನನಗೆ ನೆನಪಾದದ್ದು ರಾಜಕೀಯವಲ್ಲ, ಆ ನಿಧಾನದ ದನಿ.

ಆದರೂ ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿರಲಿಲ್ಲ. ಗ್ರಾಮಫೋನಿನ ಕಾಲದಲ್ಲಿ ಪ್ರವಾಸಿ ಗಿರಾಕಿ, ಸರಿ. ಈಗ ಯಾಕೆ? ಉತ್ತರ ಸಿಕ್ಕಿದ್ದು 1975ರಲ್ಲಿ. ಯುರೋಪಿನ ದೇಶಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಯುರೋಪ್ ಆ ವರ್ಷ ಯಾನ್ ವಾನ್ ಎಕ್ ಎಂಬ ವಿದ್ವಾಂಸರ ಪುಸ್ತಕವೊಂದನ್ನು ಹೊರತಂದಿತು. ಅದರ ಹೆಸರನ್ನು ಕನ್ನಡದಲ್ಲಿ 'ಹೊಸ್ತಿಲ ಮಟ್ಟ' ಅನ್ನಬಹುದು. ಇನ್ನೊಂದು ದೇಶದ ಹೊಸ್ತಿಲು ದಾಟಲು ಕನಿಷ್ಠ ಎಷ್ಟು ಭಾಷೆ ಬೇಕು ಎಂಬುದರ ಪಟ್ಟಿ ಅದು. ವ್ಯಾಕರಣವನ್ನು ಹಿಂದಕ್ಕೆ ಸರಿಸಿ, ದಾರಿ ಕೇಳುವುದು, ಕ್ಷಮೆ ಕೇಳುವುದು, ಊಟ ಹೇಳುವುದು, ರೂಮು ಹಿಡಿಯುವುದು ಮುಂತಾದ ಕೆಲಸಗಳನ್ನು ಮುಂದಿಟ್ಟಿತು. ಒಳ್ಳೆಯ ಪುಸ್ತಕವೇ. ಆದರೆ ಆ ಪಟ್ಟಿ ಮಾಡುವಾಗ ಅವರ ಕಣ್ಣೆದುರು ಇದ್ದವನು ಯಾರು? ಪಕ್ಕದ ದೇಶಕ್ಕೆ ಕೆಲವು ದಿನದ ಮಟ್ಟಿಗೆ ಹೋಗಿಬರುವ ಯುರೋಪಿನವನು. ಮುಂದೆ ಪ್ರಪಂಚದಾದ್ಯಂತ ಮಾರಾಟವಾದ ಪಠ್ಯಪುಸ್ತಕಗಳಿಗೆ, ಅವುಗಳ ಜೊತೆ ಬಂದ ಕ್ಯಾಸೆಟ್ಟುಗಳಿಗೆ ಆ ಪಟ್ಟಿಯೇ ಅಚ್ಚಾಯಿತು. ಆ ಪ್ರವಾಸಿ ನಮ್ಮ ಹೆಡ್‌ಫೋನಿಗೂ ಬಂದು ಕೂತ.

ನಮ್ಮ ಕಡೆಯವರೂ ಊರು ಬಿಟ್ಟವರೇ. ಕುಂದಾಪುರದ ಹುಡುಗರು ಮುಂಬೈ, ಬೆಂಗಳೂರು, ಹೈದರಾಬಾದಿಗೆ ಹೋದದ್ದು ಹೋಟೆಲಿಗೇ. ರೂಮು ಹಿಡಿಯಲಿಕ್ಕಲ್ಲ, ಲೋಟ ತೊಳೆಯಲಿಕ್ಕೆ, ಆಮೇಲೆ ಸಪ್ಲೈ ಮಾಡಲಿಕ್ಕೆ, ಅದೃಷ್ಟವಿದ್ದರೆ ಗಲ್ಲೆಯ ಮೇಲೆ ಕೂರಲಿಕ್ಕೆ. ಕ್ಯಾಸೆಟ್ಟಿನ ಸಂಭಾಷಣೆಯಲ್ಲಿ ಅವರ ಪಾತ್ರ ಮೇಜಿನ ಈಚೆಯದ್ದು.

ಇದೆಲ್ಲ ನನಗೆ ತಲೆಬಿಸಿಯಾಗಲು ಕಾರಣ ಚಿಕ್ಕಮ್ಮನ ಮಗಳು. ನರ್ಸಿಂಗ್ ಮುಗಿಸಿ ಮೂರು ವರ್ಷ ಕೆಲಸ ಮಾಡಿದ್ದಾಳೆ, ಇಂಗ್ಲೆಂಡಿಗೆ ಹೋಗಬೇಕೆಂದಿದ್ದಾಳೆ. ಅಲ್ಲಿನ ನರ್ಸಿಂಗ್ ಮಂಡಳಿ ಐಇಎಲ್‌ಟಿಎಸ್ಸಿನ ಕೇಳುವ ಭಾಗದಲ್ಲಿ 7 ಕೇಳುತ್ತದೆ. ಅಂದರೆ 40 ಪ್ರಶ್ನೆಗಳಲ್ಲಿ ಸುಮಾರು 30 ಸರಿಯಿರಬೇಕು. ಅರ್ಧ ಗಂಟೆ, ನಾಲ್ಕು ಭಾಗ, ಪ್ರತಿಯೊಂದನ್ನೂ ಕೇಳಿಸುವುದು ಒಂದೇ ಸಲ. ಮೊದಲೆರಡು ಭಾಗ ದಿನಬಳಕೆಯ ಸಂಗತಿ, ಅಲ್ಲೇ ಈ ಟೂರು, ಬುಕಿಂಗು ಎಲ್ಲ. ಅವಳು ಒಂದು ದಿನ ಫೋನಿನಲ್ಲಿ ರೇಗಿದಳು: "ಅಣ್ಣಾ, ನಾನ್ ಹೋಪ್ದ್ ಆಸ್ಪತ್ರೆ ಕೆಲ್ಸಕ್ಕೆ. ಇವ್ರ್ ಎಂತಕ್ಕೆ ನನ್ನ ದಿನಾ ಟೂರಿಗ್ ಕರ್ಕಂಡ್ ಹೋತ್ರ್?"

ಪ್ರಶ್ನೆ ನ್ಯಾಯವಾದದ್ದೇ. ಈ ಪರೀಕ್ಷೆಯ ಅಜ್ಜ 1980ರ ಇಎಲ್‌ಟಿಎಸ್. ಅದರಲ್ಲಿ ವೈದ್ಯಕೀಯಕ್ಕೇ ಒಂದು ವಿಭಾಗ ಇತ್ತು, ಆದರೆ ಕೇಳುವ ಭಾಗ ಆಗಲೂ ಎಲ್ಲರಿಗೂ ಒಂದೇ. 1989ರಲ್ಲಿ ಐಇಎಲ್‌ಟಿಎಸ್ ಆದಾಗ ವಿಷಯವಾರು ವಿಭಾಗಗಳು ಕಡಿಮೆಯಾದವು, 1995ರಲ್ಲಿ ಇಲ್ಲವೇ ಆದವು. ಆಸ್ಪತ್ರೆಯ ಮಾತನ್ನೇ ಕೇಳಿಸುವ ಒಇಟಿ ಎಂಬ ಬೇರೆ ಪರೀಕ್ಷೆ ಆಸ್ಟ್ರೇಲಿಯಾದಲ್ಲಿ ಹುಟ್ಟಿತ್ತು, ಬ್ರಿಟನ್ನಿನ ನರ್ಸಿಂಗ್ ಮಂಡಳಿ ಅದನ್ನು 2017ರಿಂದ ಒಪ್ಪುತ್ತದೆ. ಆದರೆ ಅದರ ಫೀಸು ಇನ್ನೂ ಜಾಸ್ತಿ. ಐಇಎಲ್‌ಟಿಎಸ್ ಫೀಸೇ ಅವಳ ಒಂದು ತಿಂಗಳ ಸಂಬಳದ ಹತ್ತಿರ ಬರುತ್ತದೆ, ಈಗಾಗಲೇ ಒಮ್ಮೆ ಕಟ್ಟಿ 6.5 ತಂದಿದ್ದಾಳೆ. ಇನ್ನೊಮ್ಮೆ ಕಟ್ಟುವುದಕ್ಕೆ ಚಿಕ್ಕಮ್ಮ ಈ ಸಲದ ಅಡಿಕೆಯ ದುಡ್ಡು ಎತ್ತಿಟ್ಟಿದ್ದಾರೆ.

ಅವಳ ತಪ್ಪುಗಳನ್ನು ಕೂತು ನೋಡಿದೆ. ಪದ ಗೊತ್ತಿಲ್ಲದೆ ಹೋದದ್ದು ಕಡಿಮೆ. 'ಥರ್ಟೀನ್', 'ಥರ್ಟಿ' ಅದಲುಬದಲು, ಸ್ಪೆಲ್ಲಿಂಗ್ ಹೇಳುವಾಗ 'ಡಬಲ್ ಆರ್' ತಪ್ಪಿದ್ದು, ಮತ್ತೆ ಇಂಗ್ಲಿಷಿನವರು ನುಂಗುವ ಸ್ವರಗಳು. ನುಂಗುವುದು ಅಂದಾಗ ನನಗೆ ನಗು ಬಂತು. ಸ್ವರ ನುಂಗುವುದರಲ್ಲಿ ಕುಂದಾಪುರದವರನ್ನು ಮೀರಿಸಿದವರು ಯಾರಿದ್ದಾರೆ? ಹೋಗಬೇಕು ಅನ್ನುವುದು ನಮಗೆ 'ಹೋಯ್ಕ್', ಮಾಡಬೇಕು 'ಮಾಡ್ಕ್', ಬರಬೇಕು 'ಬರ್ಕ್'. ಪುಸ್ತಕದ ಕನ್ನಡ ಮಾತ್ರ ಬಲ್ಲ ಪರದೇಶಿ ಸಿದ್ದಾಪುರದ ಬಸ್ಸಿನಲ್ಲಿ ಕೂತರೆ ಅವನ ಗತಿ ಐಇಎಲ್‌ಟಿಎಸ್ ಹಾಲಿನಲ್ಲಿ ನಮ್ಮ ಗತಿಯೇ. ಇದನ್ನು ಹೇಳಿದ ಮೇಲೆ ಅವಳಿಗೆ 'ವಾಂಟ್ ಟು' ಯಾಕೆ 'ವಾನ್ನ' ಆಗುತ್ತದೆ ಅಂತ ಬೇರೆ ವಿವರಣೆ ಬೇಕಾಗಲಿಲ್ಲ. ಬಾಯಿಗೆ ಗೊತ್ತಿದ್ದದ್ದನ್ನು ಕಿವಿಗೆ ದಾಟಿಸಬೇಕಿತ್ತು, ಅಷ್ಟೆ.

ಎರಡನೆಯದು ಅಪ್ಪಯ್ಯನ ಕ್ರಿಕೆಟ್ ಪಾಠ. ಜಾಗ ಗೊತ್ತಿದ್ದರೆ ಭಾಷೆ ಅರ್ಧ ಸಲೀಸು. ಪ್ರವಾಸಿ ತಾಣದ ಕತೆಯನ್ನು ಕಿವಿಯಲ್ಲಿ ಕೇಳಿಸುವುದು 1952ರಲ್ಲೇ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಮ್ಮಿನಲ್ಲಿ ಶುರುವಾಗಿತ್ತು. ಟೇಪಿನ ಮಾತನ್ನು ರೇಡಿಯೋ ಮೂಲಕ ಪ್ರಸಾರ ಮಾಡುತ್ತಿದ್ದರು, ಜನ ಕೈಯಲ್ಲಿ ರಿಸೀವರ್ ಹಿಡಿದು ಒಟ್ಟಿಗೇ ಚಿತ್ರದಿಂದ ಚಿತ್ರಕ್ಕೆ ಸರಿಯುತ್ತಿದ್ದರು. ನಮ್ಮಲ್ಲಿ ಮೈಸೂರು ಅರಮನೆಗೂ ಆಡಿಯೋ ಗೈಡ್ ಬಂತು. ಕಣ್ಣೆದುರು ಕಂಬವಿದೆ, ಕಿವಿಯಲ್ಲಿ ಕಂಬದ ಮಾತಿದೆ, ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಸ್ಕಾಟ್ಲೆಂಡಿನ ದ್ವೀಪವನ್ನು ಕಂಡಿರದ ಹುಡುಗಿಗೆ ಆ ಕಂಬವೇ ಇಲ್ಲ.

ಅದಕ್ಕೆ ನಾನು ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ದಾರಿಯ ಬಗ್ಗೆ ಇಂಗ್ಲಿಷಿನಲ್ಲಿ ಮೂರು ನಿಮಿಷ ಮಾತಾಡಿ, ಮೊಬೈಲಿನಲ್ಲೇ ರೆಕಾರ್ಡ್ ಮಾಡಿ ಕಳಿಸಿದೆ. 14 ಹೇರ್‌ಪಿನ್ ತಿರುವು, ಸೂರ್ಯಾಸ್ತ ನೋಡುವ ಕಟ್ಟೆ, ಮಂಗ, ಮಳೆ. ಹತ್ತು ಪ್ರಶ್ನೆ. ಎಂಟು ಸರಿ ಬಂತು. ಆಮೇಲೆ ಬೇರೆ ದನಿ ಬೇಕು ಅಂದಳು. ಆಫೀಸಿನಲ್ಲಿರುವ ಒಬ್ಬ ಐರಿಷ್ ಸಹೋದ್ಯೋಗಿ ನಗುತ್ತಾ ಒಪ್ಪಿ ಅದೇ ಬರಹವನ್ನು ತನ್ನ ದನಿಯಲ್ಲಿ ಓದಿಕೊಟ್ಟ. ಆತನ ಬಾಯಲ್ಲಿ ಆಗುಂಬೆ ಯಾವುದೋ ಡಬ್ಲಿನ್ ಪಕ್ಕದ ಹಳ್ಳಿಯಾಯಿತು, ಆದರೆ ಅವಳಿಗೆ ಆರು ಸರಿ ಬಂತು. ಎರಡನೇ ದಿನ ಒಂಬತ್ತು. ಈಗ ಅವಳು ಮಾಮೂಲಿ ದ್ವೀಪ, ಕೋಟೆಗಳ ಕ್ಯಾಸೆಟ್ಟಿಗೂ ವಾಪಸು ಹೋಗಿದ್ದಾಳೆ, ಮೊದಲಿನಷ್ಟು ರೇಗುವುದಿಲ್ಲ.

ಪರೀಕ್ಷೆಗೆ ಇನ್ನೂ ಐದು ವಾರ ಇದೆ. ನಮ್ಮ ದಾಸ್ತಾನು ಮುಗಿಯುತ್ತಾ ಬಂದಿದೆ. ಬ್ಲಾಗಿಗ ಗೆಳೆಯರಲ್ಲಿ ಹೊರದೇಶದಲ್ಲಿ ಇರುವವರು ಎಷ್ಟೋ ಜನ ಇದ್ದೀರಿ. ಬೀದರ್ ಕೋಟೆಯೋ, ಕಾರವಾರದ ಕಡಲೋ, ನಿಮ್ಮೂರಿನ ಸಂತೆಯೋ, ಕನ್ನಡದವರಿಗೆ ಗೊತ್ತಿರುವ ಒಂದು ಜಾಗದ ಬಗ್ಗೆ ಅಲ್ಲಿನ ನೆರೆಯವರ ಹತ್ತಿರ ಮೂರು ನಿಮಿಷ ಓದಿಸಿ ಕಳಿಸುತ್ತೀರಾ? ಒಂದು ಫೋನ್ ನಂಬರು (ಸುಳ್ಳಿನದ್ದು), ಒಂದು ಸ್ಪೆಲ್ಲಿಂಗ್, ಒಂದು ಹದಿಮೂರೋ ಮೂವತ್ತೋ ಅದರಲ್ಲಿ ಇರಲಿ. ನಿಧಾನ ಮಾಡುವುದು ಬೇಡ, ಅವರು ಮನೆಯಲ್ಲಿ ಹೇಗೆ ಮಾತಾಡುತ್ತಾರೋ ಹಾಗೆ.